ಸ್ಟೆಲ್ಲಾ ಅವರ ಬ್ರೌನಿಯಲ್ಲಿ ಮೊಟ್ಟೆ ಹುಡುಕಿದವರು

ಬೆಳಗಿನ ಐದೂಮುಕ್ಕಾಲು. ಹಳಿಯಾಳದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಸುಪ್ರಭಾ ಬೇಕರಿಯ ಶಟರ್ ಇನ್ನೂ ಅರ್ಧಕ್ಕೆ ನಿಂತಿದೆ. ಒಳಗೆ ಸ್ಟೆಲ್ಲಾ ಸಿದ್ದಿ ಅಗಸೆ ಬೀಜದ ಹಿಟ್ಟಿನ ಬೋಗುಣಿಗೆ ಬಿಸಿನೀರು ಹಾಕುತ್ತಿದ್ದಾರೆ. ಒಂದು ಚಮಚ ಹಿಟ್ಟಿಗೆ ಮೂರು ಚಮಚ ನೀರು. ಸ್ವಲ್ಪ ಹೊತ್ತು ಬಿಟ್ಟರೆ ಹಿಟ್ಟು ನೀರು ಕುಡಿದು ಲೋಳೆಯಾಗುತ್ತದೆ. ಸ್ಟೆಲ್ಲಾ ಗಡಿಯಾರ ನೋಡುವುದಿಲ್ಲ. ಬೆರಳು ಅದ್ದಿ ಎತ್ತುತ್ತಾರೆ. ಲೋಳೆ ಮೊಟ್ಟೆಯ ಬಿಳಿಯಂತೆ ದಾರವಾಗಿ ಇಳಿದರೆ ಹದ ಬಂದಿದೆ ಎಂದು ಅರ್ಥ.

"ಬ್ಯಾಸಗ್ಯಾಗ ಹತ್ತು ನಿಮಿಷ ಸಾಕ್ರಿ. ಥಂಡ್ಯಾಗ ಹದಿನೈದರ ಬೇಕು. ಅವಸರ ಮಾಡಿದ್ರ ಬ್ರೌನಿ ನಡುವ ಕುಸಿದು ಕುಂದರ್ತೈತಿ" ಎನ್ನುತ್ತಾರೆ, ಕೈ ನಿಲ್ಲಿಸದೆ.

ಪಕ್ಕದ ಒಲೆಯಲ್ಲಿ ಬ್ರೌನಿ ಎಂಬ ಚಾಕೊಲೇಟ್ ಕೇಕಿಗೆ ಬೆಣ್ಣೆ, ಸಕ್ಕರೆ ಒಟ್ಟಿಗೆ ಕರಗುತ್ತಿವೆ. ಸಕ್ಕರೆಯ ಹರಳು ಪೂರ್ತಿ ಕರಗಿದ ಮೇಲೆ ಕೋಕೋ ಪುಡಿ, ಅದು ಉಗುರುಬೆಚ್ಚಗಾದ ಮೇಲೆ ಲೋಳೆ, ಕೊನೆಗೆ ಮೈದಾ. ಒಂದು ಟ್ರೇಗೆ ನಾಲ್ಕು ಮೊಟ್ಟೆ ಬೀಳಬೇಕಾದಲ್ಲಿ ನಾಲ್ಕು ಚಮಚ ಅಗಸೆ ಹಿಟ್ಟು, ಹನ್ನೆರಡು ಚಮಚ ನೀರು. ದಿನಕ್ಕೆ ಒಂಬತ್ತು ಟ್ರೇ, ಟ್ರೇಗೆ ಇಪ್ಪತ್ನಾಲ್ಕು ತುಂಡು. ಎಂಟೂವರೆಯ ಹೊತ್ತಿಗೆ ಡಬ್ಬಿಗಳು ದಾಂಡೇಲಿಯ ಒಂದು ರೆಸಾರ್ಟಿಗೆ, ಜೋಯಿಡಾದ ಮೂರು ಹೋಮ್‌ಸ್ಟೇಗಳಿಗೆ, ವಾರಕ್ಕೆರಡು ದಿನ ಮುಂಡಗೋಡದ ಬಸ್ಸಿಗೆ ಹತ್ತಿರುತ್ತವೆ. ಡಬ್ಬಿಯ ಮೇಲೆ ಹಸಿರು ಚುಕ್ಕೆ, 'ಶುದ್ಧ ಸಸ್ಯಾಹಾರಿ' ಎಂಬ ದಪ್ಪಕ್ಷರ. ಮಾಡಿದವರ ಹೆಸರಿಲ್ಲ. ನಾಲ್ಕು ವರ್ಷ ತಿಂದವರಾರೂ ಆ ಹೆಸರನ್ನು ಕೇಳಲೂ ಇಲ್ಲ. ಕೇಳಿದ್ದು ಒಮ್ಮೆ ಮಾತ್ರ, ಕಳೆದ ಜನವರಿಯಲ್ಲಿ. ಅದೂ ಮೆಚ್ಚಿಕೊಳ್ಳಲಿಕ್ಕಲ್ಲ.

ಮೂವತ್ತೆಂಟರ ಸ್ಟೆಲ್ಲಾ ಅವರದು ಹಳಿಯಾಳದಿಂದ ಒಂಬತ್ತು ಕಿಲೋಮೀಟರ್ ದೂರದ, ಕಾಡಿನ ಅಂಚಿಗೆ ಹತ್ತಿಪ್ಪತ್ತು ಮನೆಗಳಿರುವ ಸಿದ್ದಿ ಬುಡಕಟ್ಟಿನವರ ಕೇರಿ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ. ಮುಂಡಗೋಡದ ಹಾಸ್ಟೆಲ್ಲಿನಲ್ಲಿದ್ದು ಎಂಟನೇ ತರಗತಿ ಓದಿದರು; ತಂದೆ ತೀರಿಕೊಂಡ ವರ್ಷ ಓದೂ ನಿಂತಿತು. ಗಂಡ ವಿಲ್ಸನ್ ಕಬ್ಬು ಕಡಿಯುವ ಗ್ಯಾಂಗಿನಲ್ಲಿದ್ದಾರೆ. ಹನ್ನೊಂದು ವರ್ಷದ ಹಿಂದೆ ಸ್ಟೆಲ್ಲಾ ಈ ಬೇಕರಿಗೆ ಬಂದದ್ದು ಪಾತ್ರೆ ತೊಳೆಯಲು. ಆಗ ಬ್ರೆಡ್ಡು ಬೇಯಿಸುವ ಭಟ್ಟಿ ನೋಡಿಕೊಳ್ಳುತ್ತಿದ್ದವರು ಕೇರಳದ ಒಬ್ಬ ಮಾಸ್ತರು. ಅವರು ಯಾರಿಗೂ ಏನನ್ನೂ ಕಲಿಸುತ್ತಿರಲಿಲ್ಲ.

"ಕಲಿಸೂದ ಯಾಕ ಬೇಕ್ರಿ? ಟ್ರೇ ತಿಕ್ಕಾಕಿಗೆ ಭಟ್ಟಿ ಗುಟ್ಟೆಲ್ಲ ಗೊತ್ತಾಗ್ತೈತಿ. ಎಲ್ಲಿ ಸೀದೈತಿ, ಎಲ್ಲಿ ಹಸಿ ಉಳದೈತಿ, ಟ್ರೇನ ಹೇಳ್ತೈತಿ."

ಲಾಕ್‌ಡೌನಿನಲ್ಲಿ ಊರಿಗೆ ಹೋದ ಮಾಸ್ತರು ಮರಳಲಿಲ್ಲ. ಮಾಲೀಕ ಮಹಾಬಳೇಶ್ವರ ಅವರು ಹುಬ್ಬಳ್ಳಿಯಿಂದ ಇಬ್ಬರನ್ನು ಕರೆಸಿ ನೋಡಿದರು, ಇಬ್ಬರೂ ತಿಂಗಳು ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಸ್ಟೆಲ್ಲಾ ಯಾರನ್ನೂ ಕೇಳದೆ ಭಟ್ಟಿ ಹೊತ್ತಿಸಿ ಬ್ರೆಡ್ಡು ತೆಗೆದರು. ಅಂದಿನಿಂದ ಭಟ್ಟಿ ಅವರದು. ಹುದ್ದೆಯ ಹೆಸರು ಮಾತ್ರ 'ಹೆಲ್ಪರ್' ಎಂದೇ ಉಳಿಯಿತು.

ಬ್ರೌನಿಯ ಬೇಡಿಕೆ ಬಂದದ್ದು ದಾಂಡೇಲಿಯಿಂದ. ವಾರಾಂತ್ಯಕ್ಕೆ ಬರುವ ಪ್ರವಾಸಿಗರಲ್ಲಿ ಮೊಟ್ಟೆ ಮುಟ್ಟದವರು ಬಹಳ. ಮಹಾಬಳೇಶ್ವರ ಅವರು ಹುಬ್ಬಳ್ಳಿಯಿಂದ ಮೊಟ್ಟೆಯ ಬದಲಿಗೆ ಹಾಕುವ ಸಸ್ಯಜನ್ಯ ಪುಡಿಯ ಪೊಟ್ಟಣ ತಂದರು; ಹೊರದೇಶದ ಮಾಲು. ಮೊದಲ ಮಳೆಗೆ ಪುಡಿ ಗಂಟುಗಟ್ಟಿತು, ಬ್ರೌನಿ ಇಟ್ಟಂಗಿಯಾಯಿತು. ಬಾಳೆಹಣ್ಣು ಹಾಕಿದರೆ ಬಾಳೆಹಣ್ಣೇ ನಾತ ಹೊಡೆಯಿತು. ಮೊಸರು ಹಾಕಿದ್ದು ಮರುದಿನಕ್ಕೆ ಹುಳಿ ಬಂತು. ತೇರಗಾಂವದ ಕಾಶೆವ್ವ ದಾರಿ ತೋರಿಸಿದ್ದು ಆಗ. ಸಂತೆಗೆ ಕಾಳುಕಡಿ ತರುವ ಕಾಶೆವ್ವ, ಕರು ಹಾಕಿದ ಎಮ್ಮೆಗೆ ಅಗಸೆ ಅಂಬಲಿ ಕುಡಿಸಿದ ಸಂಗತಿ ಹೇಳುತ್ತ, ಅದು ಕೈಗೆ ಅಂಟಿದರೆ ತತ್ತಿಯ ಲೋಳೆಯಂತೆ ಬಿಡುವುದೇ ಇಲ್ಲ ಎಂದರಂತೆ. ಸ್ಟೆಲ್ಲಾ ಅಂದೇ ಒಂದು ಸೇರು ಅಗಸೆ ಕೊಂಡರು. ಹುರಿದರೆ ಲೋಳೆ ಕಡಿಮೆ, ಹುರಿಯದಿದ್ದರೆ ಹಸಿ ವಾಸನೆ. ಬಿಸಿಲಿಗೆ ಒಣಗಿಸಿ, ನುಣ್ಣಗೆ ಬೀಸಿ, ಎರಡು ಸಲ ಜರಡಿ ಹಿಡಿದರೆ ಎರಡೂ ತೊಂದರೆ ಇಲ್ಲ. ಇಷ್ಟು ತಿಳಿಯಲು ಏಳು ವಾರ, ನಲವತ್ತಕ್ಕೂ ಹೆಚ್ಚು ಟ್ರೇ ಹಿಡಿಯಿತು. ಹಪ್ಪಳದಷ್ಟು ತೆಳ್ಳಗೆ ಮಿರುಗುವ ಮೇಲ್ಪದರ, ಒಳಗೆ ಬೆಣ್ಣೆಯಂಥ ಮೆದು. ರೆಸಾರ್ಟಿನವರು ತಿಂದು, ಈ ಪುಡಿ ಯಾವ ದೇಶದ್ದೆಂದು ಕೇಳಿದರು. ಮಹಾಬಳೇಶ್ವರ ಅವರು ನಕ್ಕು, ಮುಂದಿನ ವಾರದ ಬೇಡಿಕೆ ಬರೆದುಕೊಂಡರು.

ಆ ಮೆದುವೇ ಸ್ಟೆಲ್ಲಾ ಅವರಿಗೆ ಮುಳುವಾಯಿತು.

ಜನವರಿಯಲ್ಲಿ ಬಟ್ಟೆ ವ್ಯಾಪಾರಿ ಶರಣಬಸವ ಅವರ ಮಗಳ ಕುಬುಸ, ಅಂದರೆ ಸೀಮಂತ, ಇತ್ತು. ಆರು ಡಬ್ಬಿ ಬ್ರೌನಿ ಹೋಯಿತು. ಎರಡನೇ ತುಂಡು ತಿನ್ನುತ್ತಿದ್ದ ನೆಂಟರೊಬ್ಬರು, ಇಷ್ಟು ಮೆತ್ತಗಿದೆಯೆಂದರೆ ಮೊಟ್ಟೆ ಇರಲೇಬೇಕು ಎಂದರು. ಯಾರು ಮಾಡಿದ್ದು ಎಂಬ ಮಾತು ಬಂತು. ಸಿದ್ದಿ ಹೆಣ್ಣುಮಗಳು ಎಂದು ಯಾರೋ ಹೇಳಿದರು. ಅಲ್ಲಿಗೆ ತೀರ್ಪು ಆಗಿಹೋಯಿತು, ವಿಚಾರಣೆ ಆಮೇಲೆ.

ಒಂದು ತಾಸಿನಲ್ಲಿ ಹದಿನೈದು ಹದಿನಾರು ಜನ ಉಳಿದ ಡಬ್ಬಿಗಳನ್ನು ಹೊತ್ತು ಬೇಕರಿಗೆ ನುಗ್ಗಿದರು. ಮೊಟ್ಟೆ ಹಾಕುವ ಕೇಕು ಮಾಡುವುದು ಹಿತ್ತಲಿನ ಬೇರೆ ಕೋಣೆಯಲ್ಲಿ, ಅದನ್ನು ಮಾಡುವವನು ದುರ್ಗಪ್ಪ. ಆ ಕೋಣೆಗೆ ಯಾರೂ ಹೋಗಲಿಲ್ಲ, ದುರ್ಗಪ್ಪನನ್ನು ಯಾರೂ ಏನೂ ಕೇಳಲಿಲ್ಲ. ಸ್ಟೆಲ್ಲಾ ಅವರ ಅಡುಗೆಕೋಣೆಯ ಡಬ್ಬ, ಚೀಲಗಳನ್ನೆಲ್ಲ ಸುರಿದರು. ಕಸದ ಬುಟ್ಟಿ ಕೆದಕಿದರು. ಅಗಸೆ ಲೋಳೆಯ ಬೋಗುಣಿ ಎದುರಿಗೇ ಇತ್ತು. ಅದೇ ಮೊಟ್ಟೆ ಎಂದು ಒಬ್ಬರು ಕೂಗಿದರು. ಅದು ಅಗಸೆ ಎಂದು ಸ್ಟೆಲ್ಲಾ ಮೂರು ಸಲ ಹೇಳಿದರು. ಮೊಟ್ಟೆ ಎಲ್ಲೂ ಸಿಗಲಿಲ್ಲ. ಕೊನೆಗೆ ಗೋಡೆಯ ಮೊಳೆಗೆ ತೂಗುಹಾಕಿದ್ದ ಅವರ ಕೈಚೀಲ ತೆಗೆದರು. ಊಟದ ಡಬ್ಬಿ ತೆರೆದು ಮೇಜಿನ ಮೇಲೆ ಬೋರಲು ಹಾಕಿದರು. ಅನ್ನ, ಸಾರು, ಒಂದು ಬೇಯಿಸಿದ ಮೊಟ್ಟೆ. ಅದು ಉರುಳಿ ನೆಲಕ್ಕೆ ಬಿತ್ತು.

ಸಾಕ್ಷಿ ಸಿಕ್ಕಿತು ಎಂದು ಜನ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರು. ಒಬ್ಬ ದುಡಿಯುವ ಹೆಂಗಸಿನ ಮಧ್ಯಾಹ್ನದ ಊಟದ ಚಿತ್ರವನ್ನು ಕಳ್ಳಮಾಲಿನ ಚಿತ್ರದಂತೆ ಊರೆಲ್ಲ ಹಂಚಿದರು. ತೆಗೆದವರಲ್ಲಿ ಒಬ್ಬರಿಗೂ ನಾಚಿಕೆಯಾಗಲಿಲ್ಲ.

"ನಮ್ಮನ್ಯಾಗ ಕೋಳಿ ಅದಾವ್ರಿ. ನಾ ತತ್ತಿ ತಿಂತೇನಿ. ಅದನ್ಯಾಕ ಮುಚ್ಚಿಡ್ಲಿ? ನಾ ಏನ್ ತಿಂತೇನಿ ಅನ್ನೂದು ನನ್ನ ಬುತ್ತಿ. ನಾ ಏನ್ ಮಾಡಿ ಕೊಡ್ತೇನಿ ಅನ್ನೂದು ನನ್ನ ಮಾತು. ಎರಡೂ ಒಂದ ಅಂತ ಇವ್ರಿಗೆ ಹೇಳಿದವ್ರು ಯಾರು?"

ಅಂದು ಸಂತೆ. ಅಗಸೆಯ ಚೀಲ ಹೊತ್ತು ಕಾಶೆವ್ವ ಬಂದದ್ದು ಅದೇ ಹೊತ್ತಿಗೆ. ಸಂಗತಿ ಕೇಳಿಕೊಂಡರು. ವಾಪಸು ಬಂದ ಡಬ್ಬಿಯಿಂದ ಒಂದು ತುಂಡು ಎತ್ತಿ ಎಲ್ಲರೆದುರು ತಿಂದರು.

"ನಾ ಲಿಂಗ ಕಟ್ಟಿದಾಕಿ. ಇದರಾಗಿರೂದು ನಮ್ಮ ಹೊಲದ ಅಗಸಿ. ಇನ್ನೇನ್ ಬೇಕು ನಿಮಗ?"

ಗದ್ದಲ ಇಳಿಯಿತು. ಜನ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಹಳಿಯಾಳದಲ್ಲಿ ಇವತ್ತಿಗೂ ಈ ಕಥೆ ಹೇಳುವವರು ಕಾಶೆವ್ವನ ದೊಡ್ಡ ಮನಸ್ಸಿನ ಕಥೆಯೆಂದೇ ಹೇಳುತ್ತಾರೆ. ಕಾಶೆವ್ವನಿಗೇ ಅದು ಸೇರುವುದಿಲ್ಲ. ತಾನು ಒಂದು ತುತ್ತು ತಿಂದದ್ದಕ್ಕೆ ಹೊಗಳುವವರು, ಸ್ಟೆಲ್ಲಾ ಮೂರು ಸಲ ಹೇಳಿದಾಗ ಕಿವಿಗೆ ಏನು ಇಟ್ಟುಕೊಂಡಿದ್ದರು ಎಂದು ಬಂದವರನ್ನೆಲ್ಲ ಕೇಳುತ್ತಾರೆ. ಸ್ಟೆಲ್ಲಾ ಅವರ ಸಿಟ್ಟು ಇನ್ನೂ ನೇರ.

"ಕಾಶೆವ್ವ ನನ್ನ ಅಕ್ಕ ಇದ್ದಂಗ. ಆಕಿ ಮ್ಯಾಲೆ ನನಗ ಸಿಟ್ಟಿಲ್ಲ. ಆದ್ರ ಆಕಿ ಒಂದು ತುಂಡು ತಿಂದ್ಲು, ನಂಬಿದ್ರು. ನಾ ನಾಕು ವರ್ಷ ಮಾಡಿ ಹಾಕೇನಿ, ನಂಬ್ಲಿಲ್ಲ. ಅದು ಉರಿತೈತ್ರಿ."

ಜನ ಹೋದರೂ ಶರಣಬಸವ ಬಿಡಲಿಲ್ಲ, ದೂರು ಕೊಟ್ಟರು. ಆಹಾರ ಸುರಕ್ಷತಾ ಅಧಿಕಾರಿ ಬಂದು ಮಾದರಿ ಒಯ್ದರು. ವರದಿ ಬರುವತನಕ ಬರಬೇಡ ಎಂದು ಮಹಾಬಳೇಶ್ವರ ಅವರು ಸ್ಟೆಲ್ಲಾ ಅವರನ್ನು ಮನೆಗೆ ಕಳಿಸಿದರು. ದುರ್ಗಪ್ಪ ಉಳಿದ. ಅವನ ಮೇಲೆ ಯಾರಿಗೂ ಅನುಮಾನವಿರಲಿಲ್ಲವಲ್ಲ.

ಇಪ್ಪತ್ತಾರು ದಿನ ಸ್ಟೆಲ್ಲಾ ಗಂಡನ ಗ್ಯಾಂಗಿನ ಜೊತೆ ತೇರಗಾಂವದ ಹೊಲಗಳಲ್ಲಿ ಕಬ್ಬು ಕಡಿದರು. ಮಿಲಿಮೀಟರ್ ಲೆಕ್ಕದಲ್ಲಿ ಬ್ರೌನಿ ಕೊಯ್ಯುವ ಕೈಗೆ ಕಬ್ಬು ಕಡಿಯುವ ಕತ್ತಿ, ಕೊಯ್ತ ಬಂತು. ಕಬ್ಬಿನ ರವದಿಯ ಒಣಗರಿ ಗೀರಿದ ಗುರುತುಗಳು ಮೊಣಕೈವರೆಗೆ ಈಗಲೂ ಇವೆ. ಚರ್ಚಿನಲ್ಲಿ ಪಕ್ಕ ಕೂರುವವರೂ ಸಣ್ಣ ದನಿಯಲ್ಲಿ, ನಿಜ ಹೇಳು, ಹಾಕಿದ್ದೆಯಾ ಎಂದು ಕೇಳಿದರಂತೆ. ಇತ್ತ ದುರ್ಗಪ್ಪ ಲೋಳೆಯ ಹದ ತಿಳಿಯದೆ ಮಾಡಿದ ಬ್ರೌನಿ ದಾಂಡೇಲಿಯಿಂದ ಎರಡು ಸಲ ವಾಪಸು ಬಂತು.

ವರದಿಯಲ್ಲಿದ್ದದ್ದು ಒಂದೇ ಸಾಲು: ಮಾದರಿಯಲ್ಲಿ ಮೊಟ್ಟೆಯ ಅಂಶ ಪತ್ತೆಯಾಗಿಲ್ಲ.

ಡಬ್ಬಿ ಬೋರಲು ಹಾಕಿದವರಲ್ಲಿ ಒಬ್ಬರೂ ಇವತ್ತಿನವರೆಗೆ ಬಂದು ತಪ್ಪಾಯಿತು ಎಂದಿಲ್ಲ. ಮೊಬೈಲಿನಲ್ಲಿ ಹರಿದಾಡಿದ ಚಿತ್ರದ ಬೆನ್ನಿಗೆ ವರದಿ ಹರಿದಾಡಲಿಲ್ಲ. ಬೇಕರಿಯ ಗಾಜಿಗೆ ಸ್ಟೆಲ್ಲಾ ಅಂಟಿಸಿದ ಅದರ ಝೆರಾಕ್ಸ್ ಪ್ರತಿಯನ್ನು ನಾಲ್ಕನೇ ದಿನ ಮಾಲೀಕರೇ ಕಿತ್ತರು. ಗಿರಾಕಿಗಳಿಗೆ ಮರೆತದ್ದನ್ನು ನೆನಪು ಮಾಡುವುದು ಬೇಡವಂತೆ. ಇನ್ನೊಂದು ಸಂಗತಿ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಮಾರ್ಚಿನಿಂದ ಶರಣಬಸವ ಅವರ ಮನೆಗೆ ವಾರಕ್ಕೊಂದು ಡಬ್ಬಿ ಹೋಗುತ್ತಿದೆ, ಪಕ್ಕದ ಮನೆಯವರ ಹೆಸರಿನಲ್ಲಿ. ಮಗಳಿಗೆ ಬೇರೆ ಯಾವುದೂ ರುಚಿಸುವುದಿಲ್ಲವಂತೆ. ಸ್ಟೆಲ್ಲಾ ಅವರಿಗೆ ಗೊತ್ತಿದೆ. ಬಾಣಂತಿಯ ಬಾಯಿರುಚಿ, ತಿನ್ನಲಿ ಎನ್ನುತ್ತಾರೆ.

ವರದಿ ತಂದುಕೊಟ್ಟ ದಿನದ ಮಾತು ಉಳಿದಿದೆ. ಅಂದು ಮಹಾಬಳೇಶ್ವರ ಅವರು ಮೋಟಾರ್‌ಸೈಕಲ್ಲಿನಲ್ಲಿ ಕೇರಿಗೆ ಬಂದರು. ಹನ್ನೊಂದು ವರ್ಷದಲ್ಲಿ ಅವರು ಆ ಮನೆ ಕಂಡದ್ದು ಅದೇ ಮೊದಲು. ವಿಲ್ಸನ್ ಕುರ್ಚಿ ಹಾಕಿದರು. ಮಾಲೀಕರು ಕಾಗದ ಕೊಟ್ಟು, ನಾಳೆಯಿಂದ ಬಾ ಎಂದರು. ಕ್ಷಮಿಸು ಎಂಬ ಮಾತು ಬಾಯಿಗೆ ಬರಲಿಲ್ಲ. ಸ್ಟೆಲ್ಲಾ ಕಾಗದವನ್ನು ಎರಡು ಸಲ ಓದಿದರು. ಬರುವುದಾದರೆ ಅಂಗಡಿಗೂ ಅಡುಗೆಕೋಣೆಗೂ ನಡುವಿನ ಬಾಗಿಲು ತೆರೆದೇ ಇರಬೇಕು, ಅನುಮಾನ ಇದ್ದವರು ಬಂದು ನಿಂತು ನೋಡಲಿ, ಇನ್ನು ಮೇಲೆ ತನ್ನ ಚೀಲ ಯಾರೂ ಮುಟ್ಟಕೂಡದು ಎಂದರು. ಮಾಲೀಕರು ಒಪ್ಪಿದರು. ಎದ್ದು ಹೊರಟವರು ಅಂಗಳದಲ್ಲಿ ನಿಂತು, ಮತ್ತೆ ರಗಳೆ ಆಗಬಾರದಲ್ಲ ಎನ್ನುತ್ತ, ತಮ್ಮ ಬುದ್ಧಿವಂತಿಕೆಯ ಉಪಾಯವೊಂದನ್ನು ಹೇಳಿದರು.

"ಇನ್ಮ್ಯಾಲೆ ಸ್ವಲ್ಪ ಬಿರುಸ ಮಾಡು ಸ್ಟೆಲ್ಲಾ. ಅಷ್ಟು ಮೆತ್ತಗ ಬ್ಯಾಡ. ತಿಂದವ್ರಿಗೆ ತತ್ತಿ ಇಲ್ಲಂತ ಗೊತ್ತಾಗ್ಬೇಕು."

ಸ್ಟೆಲ್ಲಾ ಕಾಗದ ಮಡಚಿ ಸೆರಗಿಗೆ ಕಟ್ಟಿಕೊಂಡರು.

"ಮಾಲಕ್ರ, ಕೆಡಿಸಿ ಮಾಡೂದು ನನಗ ಬರೂದಿಲ್ರಿ."