ತಾಪಿ ಕುದಿಯುವುದಿಲ್ಲ

ನನಗೆ ಸಿಟ್ಟು ಮೂಗಿನ ತುದಿಯಲ್ಲಿ, ಉತ್ತರ ನಾಲಗೆಯ ತುದಿಯಲ್ಲಿ. ಎರಡೂ ಹೋಟೆಲಿನ ಗಲ್ಲಾದಲ್ಲಿ ಕೂತು ಕೂತು ಬಂದ ಗುಣಗಳು. ಉಡುಪಿ ಕಡೆಯಿಂದ ಸೂರತ್‌ಗೆ ಬಂದು ಇಡ್ಲಿ, ದೋಸೆ ಮಾಡತೊಡಗಿ ಇಪ್ಪತ್ತು ವರ್ಷವಾಯಿತು. ಗಿರಾಕಿ ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಅವನಿಗೆ ಏನು ಬೇಕೆಂದು ನಾನೇ ಒಳಗೆ ಕೂಗಿ ಹೇಳುತ್ತೇನೆ. ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿರುತ್ತದೆ. ಹತ್ತನೆಯವನು ಪಾಪ, ತನಗೆ ಬೇಕಾದದ್ದು ಇದೇ ಇರಬೇಕು ಎಂದುಕೊಂಡು ತಿಂದು ಹೋಗುತ್ತಾನೆ.

ಇಂಥ ಅಪ್ಪನಿಗೆ ಹುಟ್ಟಿದ ಮಗಳು ಬಾಯಿಯೇ ಬಿಡುತ್ತಿರಲಿಲ್ಲ. ಅಡಾಜಣ್‌ನಲ್ಲಿ ನಮ್ಮ ಮನೆಯ ಹತ್ತಿರದ ಶಾಲೆಯಲ್ಲಿ ಐದನೇ ಕ್ಲಾಸು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಗಾದೆ ಕಟ್ಟಿದವರು ಅವಳ ರಿಪೋರ್ಟ್ ಕಾರ್ಡ್ ನೋಡಿರಲಿಲ್ಲ. ಮೂರು ವರ್ಷ ಒಂದೇ ಸಮನೆ ಅದರಲ್ಲಿ ಬರೆದದ್ದು ಒಂದೇ: ಮಗು ತರಗತಿಯಲ್ಲಿ ಮಾತಾಡುವುದಿಲ್ಲ. ಮನೆಯಲ್ಲಿ ಕನ್ನಡ, ಹೋಟೆಲಿನಲ್ಲಿ ಹಿಂದಿ, ಬೀದಿಯಲ್ಲಿ ಗುಜರಾತಿ, ಶಾಲೆಯಲ್ಲಿ ಇಂಗ್ಲಿಷ್. ಯಾವುದರಲ್ಲಿ ಶುರುಮಾಡುವುದೆಂದು ತಿಳಿಯದೆ ಸುಮ್ಮನಿರುತ್ತಾಳೆ ಎಂದು ನಾನು ಎಲ್ಲರಿಗೂ ವಿವರಿಸುತ್ತಿದ್ದೆ. ಅವಳು ಪಕ್ಕದಲ್ಲಿ ನಿಂತು ಕೇಳುತ್ತಿದ್ದಳು.

ಹೋದ ವರ್ಷ ದೀಪಾವಳಿ ರಜೆ ಮುಗಿಯುತ್ತಲೇ ಅವಳ ಟೀಚರ್ ನಮ್ಮನ್ನು ಕರೆಸಿದರು. ಶಾಲೆಯಲ್ಲಿ ವಿಜ್ಞಾನ ದಿನ ಮಾಡುತ್ತಾರಂತೆ. ತಂದೆತಾಯಿಯರ ಎದುರು ಪ್ರತಿ ಮಗುವೂ ಒಂದು ವಿಷಯ ತೋರಿಸಿ, ಐದು ನಿಮಿಷ ಮಾತಾಡಬೇಕು. ಭಾಷೆ ಯಾವುದಾದರೂ ಸರಿ. "ಮಾಡೆಲ್ ಹೇಗಿದ್ದರೂ ಪರವಾಗಿಲ್ಲ, ಇವಳ ಧ್ವನಿ ಹೇಗಿದೆ ಅಂತ ನಾನಿನ್ನೂ ಕೇಳಿಲ್ಲ," ಎಂದರು ಆಕೆ ನಗುತ್ತಲೇ. ನನಗೆ ನಗು ಬರಲಿಲ್ಲ. ಐದು ನಿಮಿಷ ಮಗಳು ಎಲ್ಲರೆದುರು ಕಂಬದ ಹಾಗೆ ನಿಂತುಬಿಟ್ಟರೆ ಮುಂದೆ ಅವಳು ಬಾಯಿ ಬಿಡುವುದೇ ಇಲ್ಲ ಎಂದು ಭಯವಾಯಿತು.

ಅವಳ ಪಾಲಿಗೆ ಬಂದ ವಿಷಯ ಜಲಚಕ್ರ. ಉಳಿದ ಮಕ್ಕಳು ಥರ್ಮೋಕೋಲ್ ಗುಡ್ಡ, ನೀಲಿ ಬಣ್ಣದ ನದಿ, ಹತ್ತಿಯ ಮೋಡ ಮಾಡುತ್ತಾರೆಂದು ಗೊತ್ತಾಯಿತು. ಹೋಟೆಲಿನವರ ಮನೆಯಲ್ಲಿ ಹತ್ತಿಯ ಮೋಡ ಯಾಕೆ? ದಿನಾ ಬೆಳಿಗ್ಗೆ ನಮ್ಮಲ್ಲಿ ನಿಜವಾದ ಮೋಡವೇ ಏಳುತ್ತದೆ. ಇಡ್ಲಿ ಬೇಯಿಸುವ ಪಾತ್ರೆಯನ್ನು ಊಟದ ಮೇಜಿನ ಮೇಲೆ ತಂದಿಟ್ಟೆ.

"ಕೆಳಗೆ ನೀರು ಉಂಟಲ್ಲ, ಅದು ಅರಬ್ಬಿ ಸಮುದ್ರ. ಬೆಂಕಿ ಅಂದ್ರೆ ಸೂರ್ಯ, ಮುಚ್ಚಳ ಅಂದ್ರೆ ಆಕಾಶ. ನೀರು ಕುದೀತದೆ, ಹಬೆ ಮೇಲೆ ಹೋಗ್ತದೆ, ಮುಚ್ಚಳಕ್ಕೆ ತಾಗಿ ತಣ್ಣಗಾಗಿ ಹನಿ ಆಗ್ತದೆ. ಹನಿ ದೊಡ್ಡದಾದ್ರೆ ಕೆಳಗೆ ಬೀಳ್ತದೆ. ಅದೇ ಮಳೆ. ಮುಗೀತು."

"ಪಪ್ಪಾ, ಪಣ್..." ಎಂದಳು ಮಗಳು. ಪಣ್ ಎಂದರೆ ಗುಜರಾತಿಯಲ್ಲಿ ಆದರೆ.

"ಪಣ್ ಗಿಣ್ ಎಂತದೂ ಇಲ್ಲ. ಕುದಿಯದೆ ನೀರು ಮೇಲೆ ಹೋಗೂದಿಲ್ಲ. ಬರ್ಕೋ."

"ಅವಳು ಎಂತ ಕೇಳ್ತಾಳೆ ಅಂತ ಸ್ವಲ್ಪ ನೋಡಿ ಮಾರ್ರೆ," ಎಂದಳು ಹೆಂಡತಿ ಒಳಗಿನಿಂದ.

"ಕೇಳ್ಲಿಕ್ಕೆ ಎಂತ ಉಂಟು? ಇಪ್ಪತ್ತು ವರ್ಷ ಹಬೆ ಎದುರೇ ನಿಂತವ ನಾನು!"

ಮಗಳು ಬರೆದುಕೊಂಡಳು. ಮುಂದಿನ ಒಂದು ವಾರ ಬೆಳಿಗ್ಗೆ ಸಂಜೆ ಅವಳಿಂದ ಅದನ್ನೇ ಹಿಂದಿಯಲ್ಲಿ ಹೇಳಿಸಿದೆ. ಎಲ್ಲಿ ತಡವರಿಸಿದರೂ ಮುಂದಿನ ಮಾತನ್ನು ನಾನೇ ಹೇಳಿಕೊಡುತ್ತಿದ್ದೆ.

ಶಾಲೆಯಲ್ಲಿ ಗ್ಯಾಸ್ ಹಚ್ಚುವ ಹಾಗಿಲ್ಲ, ಇಂಡಕ್ಷನ್ ಒಲೆಯಾದರೆ ಸರಿ ಎಂದರು. ಹೋಟೆಲಿನ ಅಲ್ಯೂಮಿನಿಯಂ ಪಾತ್ರೆ ಅದರ ಮೇಲೆ ಬಿಸಿಯಾಗುವುದಿಲ್ಲ, ಹಾಗಾಗಿ ಮನೆಯ ಸ್ಟೀಲ್ ಪಾತ್ರೆ ಹೊತ್ತುಕೊಂಡು ಹೋದೆವು. ಹನಿ ಬೇಗ ಕಟ್ಟಲೆಂದು ಮುಚ್ಚಳದ ಮೇಲಿಡಲು ಡಬ್ಬಿ ತುಂಬ ಐಸು. ತರಗತಿಯ ಹಿಂದುಗಡೆ ಮಕ್ಕಳ ಬೆಂಚುಗಳಲ್ಲಿ ನಮ್ಮನ್ನೆಲ್ಲ ಕೂರಿಸಿದರು. ನಾನು ಅವಳಿಗೆ ಕಾಣುವ ಹಾಗೆ ನಡುವಿನ ಸಾಲಿನಲ್ಲಿ ಕೂತೆ, ಮರೆತರೆ ತುಟಿ ಅಲ್ಲಾಡಿಸಿ ತೋರಿಸಬಹುದಲ್ಲ ಎಂದು.

ಅವಳ ಸರದಿ ಬಂತು. ಧ್ವನಿ ಶುರುವಿನಲ್ಲಿ ಮೊದಲ ಬೆಂಚಿಗೂ ಕೇಳಿಸುವಂತಿರಲಿಲ್ಲ. ಆದರೂ ಬಂತು. ನೀರು ಕುದಿಯಿತು, ಹಬೆ ಎದ್ದಿತು, ಐಸು ತೆಗೆದು ಮುಚ್ಚಳ ಎತ್ತಿ ಓರೆ ಮಾಡಿದಾಗ ಹನಿಗಳು ಸಾಲಾಗಿ ಜಾರಿ ಬಿದ್ದವು. ಮಕ್ಕಳೆಲ್ಲ ಓಹೋ ಎಂದರು. ಪಾಠ ಒಪ್ಪಿಸಿದ ಹಾಗೆ ಹೇಳಿದಳು, ನಿಜ, ಆದರೆ ಪೂರ್ತಿ ಹೇಳಿದಳು. ನಾನು ಚಪ್ಪಾಳೆಗೆ ಕೈ ಎತ್ತಿದ್ದೆ.

ಆಗ ಟೀಚರ್ ಕೇಳಿದರು. "ತುಂಬಾ ಚೆನ್ನಾಗಿದೆ. ಹಾಗಾದರೆ ನಮ್ಮ ತಾಪಿ ನದಿ ಯಾವಾಗ ಕುದಿಯುತ್ತದೆ? ಬೆಳಿಗ್ಗೆ ಸೇತುವೆ ಮೇಲೆ ಬರುವಾಗ ನೋಡಿದೆ, ತಣ್ಣಗೇ ಇತ್ತು."

ತರಗತಿ ನಕ್ಕಿತು. ಹೋಟೆಲು ನದಿಯ ಆಚೆ, ಮನೆ ಈಚೆ; ಇಪ್ಪತ್ತು ವರ್ಷ ದಿನಕ್ಕೆರಡು ಸಲ ದಾಟಿದ ನದಿಯಲ್ಲಿ ಒಂದು ಗುಳ್ಳೆಯನ್ನೂ ನಾನು ಕಂಡವನಲ್ಲ. ಅಲ್ಪವಿದ್ಯೆ ಮಹಾಗರ್ವಿ ಎಂದು ನಮ್ಮ ಮೇಷ್ಟ್ರು ನನ್ನನ್ನೇ ನೋಡಿ ಹೇಳುತ್ತಿದ್ದರು. ಆದರೆ ಪೆಟ್ಟು ಬೀಳುತ್ತಿರುವುದು ಮಗಳಿಗೆ. ಅವಳು ಮುಚ್ಚಳ ಹಿಡಿದುಕೊಂಡು ನೆಲ ನೋಡುತ್ತಿದ್ದಳು. ಅವಳ ಬಾಯಿಯನ್ನು ನಾನೇ ಹೊಲಿದುಬಿಟ್ಟೆ ಅನ್ನಿಸಿ ತಡೆಯಲಾಗಲಿಲ್ಲ. ಎದ್ದು ನಿಂತು, "ಮೇಡಂ, ಅದು ಏನೆಂದರೆ..." ಎಂದು ಹಿಂದಿಯಲ್ಲಿ ಶುರುಮಾಡಿದೆ. ಏನೆಂದರೆ ಏನು ಎಂಬುದು ನನಗೂ ಗೊತ್ತಿರಲಿಲ್ಲ.

"ಪಪ್ಪಾ, ನೀವು ಕೂತ್ಕೊಳ್ಳಿ. ನಾನು ಹೇಳ್ತೇನೆ."

ಕನ್ನಡದಲ್ಲಿ ಹೇಳಿದಳು. ಹೆಂಡತಿ ಹೋಟೆಲು ನೋಡಿಕೊಳ್ಳಲು ಉಳಿದಿದ್ದಳು, ಹಾಗಾಗಿ ಆ ಕೋಣೆಯಲ್ಲಿ ಅದು ಅರ್ಥವಾದದ್ದು ನನಗೊಬ್ಬನಿಗೆ. ಕೂತೆ. ಐದನೇ ಕ್ಲಾಸಿನ ಬೆಂಚು, ಮೊಣಕಾಲು ಎದೆಗೆ ಬಂತು.

ಆಮೇಲೆ ಅವಳು ಗುಜರಾತಿಗೆ ಹೊರಳಿದಳು, ನಡುನಡುವೆ ಇಂಗ್ಲಿಷ್. "ತಾಪಿ ಕುದಿಯುವುದಿಲ್ಲ ಟೀಚರ್. ನಾನು ಹೋಟೆಲಿನಲ್ಲಿ ಕೂತು ಹೋಂವರ್ಕ್ ಮಾಡುತ್ತೇನೆ. ಅಲ್ಲಿ ಒದ್ದೆ ಬಟ್ಟೆಯಲ್ಲಿ ಟೇಬಲ್ ಒರೆಸುತ್ತಾರೆ. ಇನ್ನೊಬ್ಬರು ಬಂದು ಕೂರುವಷ್ಟರಲ್ಲಿ ಒಣಗಿರುತ್ತದೆ. ಟೇಬಲ್ ಕೆಳಗೆ ಯಾರೂ ಒಲೆ ಹಚ್ಚುವುದಿಲ್ಲ. ನೀರು ಮೇಲಿಂದ ಸ್ವಲ್ಪ ಸ್ವಲ್ಪವೇ ಗಾಳಿಗೆ ಹೋಗುತ್ತದೆ, ಕಾಣುವುದಿಲ್ಲ. ಫ್ಯಾನ್ ಕೆಳಗಿನ ಟೇಬಲ್ ಬೇಗ ಒಣಗುತ್ತದೆ. ಮಳೆಗಾಲದಲ್ಲಿ ಬೇಗ ಒಣಗುವುದಿಲ್ಲ, ಯಾಕೆಂದರೆ ಗಾಳಿಯಲ್ಲಿ ಮೊದಲೇ ತುಂಬಾ ನೀರು ಇರುತ್ತದೆ. ಆಗ ಪಪ್ಪಾ ಒರೆಸಿದವರಿಗೆ ಬೈಯುತ್ತಾರೆ. ಅವರ ತಪ್ಪಲ್ಲ."

ಬೆಂಚುಗಳಲ್ಲಿ ಕೂತ ತಂದೆತಾಯಿಯರೆಲ್ಲ ನನ್ನತ್ತ ನೋಡಿದರು.

"ಹಾಗಿದ್ದರೆ ಈ ಪಾತ್ರೆ, ಒಲೆ ಎಲ್ಲ ಯಾಕೆ?" ಎಂದರು ಟೀಚರ್.

"ಬಿಸಿಲಲ್ಲಿ ಇಟ್ಟರೆ ಸಂಜೆಯವರೆಗೆ ಕಾಯಬೇಕು. ಪಪ್ಪಾನಿಗೆ ಯಾವಾಗಲೂ ಅರ್ಜೆಂಟು."

ಮುಂದಿನ ಸಾಲಿನ ಒಬ್ಬ ತಾಯಿ ಕಣ್ಣೊರೆಸಿಕೊಂಡು ನಕ್ಕರು. ಇನ್ನೊಬ್ಬರು, ಸಮುದ್ರ ಉಪ್ಪು, ಮಳೆ ಯಾಕೆ ಉಪ್ಪಲ್ಲ ಎಂದು ಕೇಳಿದರು. ಸಾಂಬಾರಿನ ಮುಚ್ಚಳದ ಹನಿಯನ್ನು ತಾನು ನೆಕ್ಕಿ ನೋಡಿದ್ದೇನೆ, ಸಪ್ಪೆ, ನೀರು ಮಾತ್ರ ಮೇಲೆ ಹೋಗುತ್ತದೆ, ಉಪ್ಪು ಪಾತ್ರೆಯಲ್ಲೇ ಉಳಿಯುತ್ತದೆ ಎಂದಳು. ಐದು ನಿಮಿಷ ಎಂದೋ ಮುಗಿದಿತ್ತು. ಟೀಚರ್ ಗಡಿಯಾರ ನೋಡಲಿಲ್ಲ.

ನಾನು ಮೊಣಕಾಲು ಅಪ್ಪಿಕೊಂಡು ಕೂತಿದ್ದೆ. ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚು ಖುಷಿಯಾಗಿತ್ತು. ವೈದ್ಯರು ಎಲ್ಲಿ ನೋವು ಎಂದರೆ, ನೆಂಟರು ಯಾವ ಕ್ಲಾಸು ಎಂದರೆ, ಐಸ್‌ಕ್ರೀಮಿನವನು ಯಾವುದು ಬೇಕು ಎಂದರೆ, ಅವಳನ್ನು ಕೇಳಿದ ಒಂದೊಂದು ಪ್ರಶ್ನೆಗೂ ಹತ್ತು ವರ್ಷ ಉತ್ತರ ಕೊಟ್ಟವನು ನಾನು. ನಾಲ್ಕು ಭಾಷೆಗಳದ್ದು ಏನೂ ತಪ್ಪಿರಲಿಲ್ಲ.

ಮನೆಗೆ ಹೋಗದೆ ನೇರ ಹೋಟೆಲಿಗೆ ಹೊರಟೆವು, ಅವಳ ಅಮ್ಮನಿಗೆ ಹೇಳಬೇಕಲ್ಲ. ಪಾತ್ರೆ ಸ್ಕೂಟರಿನ ಮುಂದೆ, ಮಗಳು ಹಿಂದೆ. ಇಡೀ ದಾರಿ ನನ್ನ ನಾಲಗೆ ತುರಿಸುತ್ತಿತ್ತು, ಹಲ್ಲು ಕಚ್ಚಿ ತಡೆದುಕೊಂಡೆ. ಸೇತುವೆಯ ನಡುವೆ ಅವಳೇ ನನ್ನ ಬೆನ್ನು ತಟ್ಟಿದಳು.

"ಪಪ್ಪಾ, ಈ ನೀರು ಎಲ್ಲಿಗೆ ಹೋಗ್ತದೆ, ಗೊತ್ತುಂಟಾ?"

ಗೊತ್ತಿರದೆ ಏನು? ಹತ್ತಾರು ಸಲ ಹೋಗಿ ನದಿ ಸಮುದ್ರ ಸೇರುವುದನ್ನು ನೋಡಿ ಬಂದವನು.

"ಗೊತ್ತಿಲ್ಲ ಮಗಾ," ಎಂದೆ. "ನೀನೇ ಹೇಳು."

ಅವಳು ಹೇಳತೊಡಗಿದಳು. ಕನ್ನಡದಲ್ಲಿ, ತಡವರಿಸುತ್ತ, ಶಬ್ದ ಸಿಗದ ಕಡೆ ನಿಂತು ಹುಡುಕುತ್ತ. ಒಂದು ಶಬ್ದವನ್ನೂ ನಾನು ಎತ್ತಿಕೊಡಲಿಲ್ಲ. ಹಿಂದಿನ ಆಟೋದವನು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದ, ನಾನು ಸ್ಕೂಟರನ್ನು ಬದಿಗೆ ತಂದು ಇನ್ನೂ ನಿಧಾನ ಮಾಡಿದೆ.