ತುಟಿ ಮೇಷ್ಟ್ರು ಪಾಸಾದ ಪರೀಕ್ಷೆ

ನನ್ನ ಸೋದರಮಾವನ ಜೊತೆ ಯಾರಿಂದಲೂ ಜಗಳವಾಡಲು ಆಗುತ್ತಿರಲಿಲ್ಲ. ಎದುರಿನವರು ಏನಂದರೂ ಅವನು ಮುಖ ನೋಡಿ ನಕ್ಕು, "ಹೌದು ಹೌದು" ಎಂದು ತಲೆಯಾಡಿಸಿಬಿಡುತ್ತಿದ್ದ. ಒಮ್ಮೆ ಮನೆ ಮಾಲೀಕ ಬಂದು ಬಾಯಿಗೆ ಬಂದಂತೆ ಬೈದ. ಆ ಮನುಷ್ಯನ ಮೀಸೆ ಬಾಯಿ ಮುಚ್ಚುವಷ್ಟು ಬೆಳೆದಿತ್ತು, ಮಾವನಿಗೆ ಒಂದಕ್ಷರವೂ ಸಿಕ್ಕಲಿಲ್ಲ. "ಹೌದು ಹೌದು" ಎಂದು ಕುರ್ಚಿ ಎಳೆದು ಕೂರಿಸಿ ನೀರು ಕೊಟ್ಟ. ಬೈಯಲು ಬಂದವನು ನೀರು ಕುಡಿದು, ತಾನೇ ತಪ್ಪು ಮಾಡಿದವನಂತೆ ಎದ್ದು ಹೋದ.

ಅಮ್ಮ ತೀರಿಕೊಂಡ ಮೇಲೆ ನಾನು ಮಾವ-ಅತ್ತೆಯ ಮನೆಯಲ್ಲೇ ಬೆಳೆದವಳು. ಅವರಿಗೆ ಮಕ್ಕಳಿರಲಿಲ್ಲ. ಮಾವ ಬಟ್ಟೆ ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದ. ನೂರಾರು ಲಾಳಿಗಳು ಒಟ್ಟಿಗೆ ಬಡಿಯುವ ಆ ಶೆಡ್ಡಿನಲ್ಲಿ ಪಕ್ಕದವನು ಕಿರುಚಿದರೂ ಕೇಳಿಸದು. ಹಾಗಾಗಿ ಅಲ್ಲಿನವರೆಲ್ಲ ದನಿ ಹೊರಡಿಸದೆ ತುಟಿಯಲ್ಲೇ ಮಾತಾಡುತ್ತಿದ್ದರು, ಹೊಸಬರಿಗೆ ಅದನ್ನು ಕಲಿಸುತ್ತಿದ್ದವನು ನನ್ನ ಮಾವ. ಶೆಡ್ಡಿನ ಈ ತುದಿಯಲ್ಲಿ ನಿಂತು ಆ ತುದಿಯ ಮೇಸ್ತ್ರಿ ಯಾರ ರಜೆಗೆ ಕತ್ತರಿ ಹಾಕುತ್ತಿದ್ದಾನೆ ಎಂದು ಓದಿ ಹೇಳುತ್ತಿದ್ದನಂತೆ. ಅಲ್ಲಿ ಅವನ ಹೆಸರೇ ತುಟಿ ಮೇಷ್ಟ್ರು.

ಮನೆಯಲ್ಲೂ ಅವನ ಮುಂದೆ ಸುಳ್ಳು ನಡೆಯುತ್ತಿರಲಿಲ್ಲ. ಸ್ಕೂಲು ತಪ್ಪಿಸಿ ಅಲೆದು ಬಂದ ದಿನ ನಾನು ಬಾಯಿ ಬಿಟ್ಟು ಮುಚ್ಚುವಷ್ಟರಲ್ಲಿ ಸಿಕ್ಕಿಬೀಳುತ್ತಿದ್ದೆ. "ಸುಳ್ಳು ಹೇಳೋರ ತುಟಿ ಬೇಗ ಮುಚ್ಕೊಳುತ್ತೆ ಕಣೇ. ನಿಜ ಹೇಳೋರಿಗೆ ಅಷ್ಟು ಅವಸರ ಇರಲ್ಲ," ಎನ್ನುತ್ತಿದ್ದ.

ಗಿರಣಿಯವರು ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಮಾಡಿಸುತ್ತಿದ್ದರು. ಕಾಳಜಿಯಿಂದಲ್ಲ. ಕಿವಿ ಮಂದವಾಯಿತು ಎಂದು ಗೊತ್ತಾದವನನ್ನು ಮಗ್ಗದಿಂದ ಬಿಡಿಸಿ ಮನೆಗೆ ಕಳಿಸುತ್ತಿದ್ದರು. ಕಿವಿ ತಿಂದದ್ದು ಅದೇ ಮಗ್ಗ, ಕಿವಿ ಹೋಯಿತೆಂದು ಅನ್ನ ಕಿತ್ತುಕೊಳ್ಳುತ್ತಿದ್ದುದೂ ಅದೇ ಗಿರಣಿ. ಆದ್ದರಿಂದ ಶೆಡ್ಡಿನವರು ಒಂದು ಉಪಾಯ ಹುಡುಕಿಕೊಂಡಿದ್ದರು. ಪರೀಕ್ಷೆಯಲ್ಲಿ ಶಬ್ದ ಕೇಳಿಸಿದಾಗೆಲ್ಲ ಬಟನ್ ಒತ್ತಬೇಕು. ಶಬ್ದ ಬಿಡುವವನ ಕೈ ಮೇಜಿನ ಕೆಳಗಿದ್ದರೂ ಭುಜ ಕಾಣುತ್ತದಲ್ಲ; ಭುಜ ಅಲುಗಿದಾಗ ಬಟನ್ ಒತ್ತಬೇಕು, ಒಂದಿಷ್ಟು ತಡೆದು ಒತ್ತಬೇಕು, ನಡುವೆ ಬೇಕೆಂದೇ ಒಂದೆರಡು ಬಿಡಬೇಕು. ಈ ಪಾಠವನ್ನೂ ಹೇಳಿಕೊಡುತ್ತಿದ್ದವನು ತುಟಿ ಮೇಷ್ಟ್ರೇ. ಇಡೀ ಶೆಡ್ಡಿಗೆ ಶೆಡ್ಡೇ ಕಿವುಡು, ಕಾಗದದಲ್ಲಿ ಮಾತ್ರ ಎಲ್ಲರಿಗೂ ಬೆಕ್ಕಿನ ಕಿವಿ.

ಗಿರಣಿ ಮುಚ್ಚಿದಾಗ ಆ ಕಾಗದಗಳೇ ಮುಳುವಾದವು. ಕಿವಿ ಹೋದದ್ದಕ್ಕೆ ಪರಿಹಾರ ಕೇಳಿದರೆ, ಕಳೆದ ವರ್ಷದವರೆಗೂ ನಿಮ್ಮ ಕಿವಿ ಚೆನ್ನಾಗಿತ್ತಲ್ಲ ಎಂದರು. ಹೊಸ ಕೆಲಸಕ್ಕೂ ಯಾರೂ ಕರೆಯಲಿಲ್ಲ. ಒಂದು ಗೋದಾಮಿನಲ್ಲಿ ಮಾವ ಕಾವಲಿಗೆ ಸೇರಿದ್ದ, ಬೆನ್ನ ಹಿಂದೆ ಲಾರಿ ಹಾರ್ನ್ ಹೊಡೆದರೂ ಸರಿಯದೆ ನಿಂತದ್ದಕ್ಕೆ ಒಂದೇ ವಾರದಲ್ಲಿ ಬಿಡಿಸಿದರು. ಮನೆ ನಿಂತದ್ದು ಅತ್ತೆಯ ದುಡಿಮೆಯ ಮೇಲೆ. ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಮಾಡುತ್ತಿದ್ದಳು. ದಿನವೆಲ್ಲ ಹಬೆಯಲ್ಲಿ ನಿಂತೇ ಕೆಲಸ. ಸಂಜೆ ಅವಳ ಕಾಲಿನ ಮೇಲೆ ಬೆರಳೊತ್ತಿದರೆ ಗುಳಿ ಬೀಳುತ್ತಿತ್ತು, ಬೇಗ ತುಂಬುತ್ತಿರಲಿಲ್ಲ. ಹೃದಯ ಸೋತಿದೆ, ಈ ಕೆಲಸ ಬಿಡದಿದ್ದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ನೇರವಾಗಿಯೇ ಹೇಳಿದ್ದರು.

ಅದಕ್ಕೇ ಅಂಗವಿಕಲರ ಪಿಂಚಣಿಗೆ ಅರ್ಜಿ ಹಾಕಿದ್ದು. "ನಿನ್ನ ಮಾವನ ಪಿಂಚಣಿ ಒಂದು ಬರಲಿ, ಮಾರನೇ ದಿನವೇ ಇಸ್ತ್ರಿಪೆಟ್ಟಿಗೆ ಕೆಳಗಿಡ್ತೀನಿ," ಎಂದಳು ಅತ್ತೆ. ನಾನು ಕೆಲಸ ಮಾಡುವ ಚಪ್ಪಲಿ ಅಂಗಡಿಗೆ ರಜೆ ಹಾಕಿ ಮಾವನ ಜೊತೆ ಕಚೇರಿಗೆ ಹೋದೆ.

ಆ ಕಚೇರಿಯ ಬುದ್ಧಿವಂತಿಕೆಗೆ ಕೈ ಮುಗಿಯಬೇಕು. ಕಿವಿ ಕೇಳಿಸದವರ ಸರದಿಯನ್ನು ಮೈಕಿನಲ್ಲಿ ಕರೆಯುತ್ತಿದ್ದರು. ಸಂದೇಹವಿದ್ದರೆ ಫೋನ್ ಮಾಡಿ ವಿಚಾರಿಸಿ ಎಂದು ಗೋಡೆಗೆ ಚೀಟಿ ಬೇರೆ ಅಂಟಿಸಿದ್ದರು. ನಮ್ಮ ಮುಂದೆ ಒಬ್ಬ ಮುದುಕ ಬೆಳಗಿನಿಂದ ಕೂತಿದ್ದ, ಅವನನ್ನು ಕರೆದು ಕರೆದು ಗೈರುಹಾಜರು ಎಂದು ಬರೆದುಕೊಂಡಿದ್ದರು. ನನಗೆ ಮೈಯೆಲ್ಲ ಉರಿಯಿತು. ಕಿಟಕಿಯ ಹತ್ತಿರ ಹೋಗಿ ಕೂಗಾಡಿದೆ. ಮಾವ ನನ್ನ ತೋಳು ಜಗ್ಗಿ, "ಸುಮ್ನಿರೇ, ಕೆಲಸ ಕೆಡುತ್ತೆ," ಎಂದ. ಸರ್ಕಾರದ ಮೇಜಿನ ಮುಂದೆ ಅವನು ಸದಾ ಹೊಸ ಮದುಮಗನಂತೆ ನಿಲ್ಲುತ್ತಿದ್ದ.

ಪರೀಕ್ಷೆ ನಡೆದದ್ದು ಆಸ್ಪತ್ರೆಯೊಂದರ ಕೋಣೆಯಲ್ಲಿ. ಒಳಗೆ ಗಾಜಿನ ಕಿಟಕಿಯ ಪುಟ್ಟ ಗೂಡು, ಅದರೊಳಗೆ ಮಾವ, ಹೊರಗೆ ಯಂತ್ರದ ಮುಂದೆ ಪರೀಕ್ಷೆ ಮಾಡುವ ಹುಡುಗಿ. ನನ್ನನ್ನು ಬಾಗಿಲ ಆಚೆ ಕೂರಿಸಿದರು. "ಮಾವ, ಕೇಳಿಸಿದರೆ ಮಾತ್ರ ಒತ್ತು," ಎಂದು ಹೇಳಿಯೇ ಕಳಿಸಿದ್ದೆ. ಹೌದು ಹೌದು ಎಂದು ತಲೆಯಾಡಿಸಿ ಹೋಗಿದ್ದ.

ಹೊರಗೆ ಬಂದವನ ಮುಖ ಅರಳಿತ್ತು. ಎಷ್ಟೋ ವರ್ಷಗಳಿಂದ ಅವನು ಹಾಗೆ ನಕ್ಕಿರಲಿಲ್ಲ.

"ಪಾಸ್! ಒಂದೂ ತಪ್ಪಲಿಲ್ಲ ಕಣೇ."

"ಏನು ಪಾಸು ಮಾವ?"

"ಪಾಪ, ಆ ಹುಡುಗಿಗೆ ಭುಜ ಬಚ್ಚಿಡೋಕೆ ಬರಲ್ಲ. ಪ್ರತಿ ಸಲ ಗದ್ದ ಬೇರೆ ಬಗ್ಗಿಸ್ತಾಳೆ..." ಎಂದವನು ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ. ನಾನು ಹಣೆ ಹಣೆ ಚಚ್ಚಿಕೊಂಡೆ. ಅವನು ಬೆಂಚಿನ ಮೇಲೆ ಕುಸಿದು ತನ್ನ ಹೆಬ್ಬೆರಳನ್ನೇ ನೋಡುತ್ತ ಕೂತ. "ಆ ಗೂಡಲ್ಲಿ ಕೂತ್ಕೊಂಡೆ ನೋಡು, ಕೈ ತಾನಾಗೇ ಒತ್ತಿಬಿಡ್ತು. ಫೇಲಾದ್ರೆ ಮನೆಗೆ ಕಳಿಸ್ತಾರೆ ಅನ್ನಿಸ್ತು," ಎಂದ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇದು ಹುಟ್ಟುಗುಣವಲ್ಲ, ಹೊಟ್ಟೆಗಾಗಿ ಕಲಿತ ಗುಣ. ಅದು ಇನ್ನೂ ಗಟ್ಟಿ.

ನಾನು ಒಳಗೆ ಓಡಿ ಆ ಹುಡುಗಿಗೆ ಎಲ್ಲ ಹೇಳಿದೆ. ಅವಳು ನಂಬಲಿಲ್ಲ. "ನಾನು ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ರಲ್ಲ ಮೇಡಂ? ಯಾವ ಊರು, ಏನು ಕೆಲಸ, ಎಲ್ಲ ಹೇಳಿದ್ರು," ಎಂದಳು. ತುಟಿ ಓದುತ್ತಾನೆ ಎಂದರೆ, ಎಲ್ಲರೂ ಹಾಗೇ ಹೇಳುತ್ತಾರೆ ಎಂದು ಮುಂದಿನವರನ್ನು ಕರೆದಳು. ಸ್ವಲ್ಪ ದಿನಕ್ಕೆ ಕಾಗದ ಬಂತು: ಶ್ರವಣಶಕ್ತಿ ದೈನಂದಿನ ವ್ಯವಹಾರಕ್ಕೆ ಸಾಕಷ್ಟಿದೆ, ಅರ್ಜಿ ತಿರಸ್ಕರಿಸಲಾಗಿದೆ.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಾವನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, "ಎಲ್ಲದರಲ್ಲೂ ಪಾಸಾಗೋ ಗಂಡ ನಂಗೆ ಸಿಕ್ಕಿದ್ದು ನೋಡಿ," ಎಂದು ನಕ್ಕಳು. ಮಾರನೇ ದಿನ ಊದಿದ ಕಾಲನ್ನು ಅಗಲದ ಚಪ್ಪಲಿಗೆ ತುರುಕಿಕೊಂಡು ಕೆಲಸಕ್ಕೆ ಹೋದಳು. ನಾವು ಮರುಪರೀಕ್ಷೆಗೆ ಅರ್ಜಿ ಬರೆದೆವು. ತಿಂಗಳುಗಟ್ಟಲೆ ಕಾಯಬೇಕು ಎಂದರು.

ಆಗ ನಾನು ಅಂಗಡಿಯ ಹತ್ತಿರ ಬೇರೆ ಕೋಣೆ ಮಾಡಿಕೊಂಡಿದ್ದೆ. ಅವರ ಮನೆ ಮಹಡಿಯ ಮೇಲಿತ್ತು, ಮರದ ನೆಲ. ಬೇರೆ ಹೆಂಡತಿಯರು ಗಂಡನನ್ನು "ರೀ" ಎಂದು ಕರೆದರೆ, ಅತ್ತೆ ಕಾಲಿನಿಂದ ನೆಲ ಕುಟ್ಟುತ್ತಿದ್ದಳು. ಮಾವನಿಗೆ ಅಂಗಾಲಿನಲ್ಲಿ ತಿಳಿದು ತಿರುಗುತ್ತಿದ್ದ. ಅವಳು ಮುನಿಸಿನಲ್ಲಿ ಕುಟ್ಟಿದ್ದೋ, ಊಟಕ್ಕೆ ಕುಟ್ಟಿದ್ದೋ ಎಂಬುದೂ ಅವನಿಗೆ ಗೊತ್ತಾಗುತ್ತಿತ್ತು. ಬಚ್ಚಲುಮನೆ ಮಾತ್ರ ಆಮೇಲೆ ಕಟ್ಟಿಸಿದ್ದು, ಸಿಮೆಂಟಿನ ನೆಲ. ಅಲ್ಲಿ ಏನು ಕುಟ್ಟಿದರೂ ಒಳಗೆ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ಕೆಲಸದಿಂದ ಬೇಗ ಬಂದು ಸ್ನಾನಕ್ಕೆ ಹೋದಳು. ಮಾವ ಕಿಟಕಿಯ ಬೆಳಕಿಗೆ ಮುಖ ಮಾಡಿ ಮುರಿದ ಕೊಡೆಯ ಕಡ್ಡಿ ಕಟ್ಟುತ್ತ ಕೂತಿದ್ದ, ಬಚ್ಚಲಿಗೆ ಅವನ ಬೆನ್ನು. ಮನೆಯ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು. ಬಚ್ಚಲಲ್ಲಿ ಅತ್ತೆಗೆ ಎದೆ ಹಿಡಿದುಕೊಂಡಿತು, ಬಿದ್ದಳು. ಕೂಗಿದಳು. ಕೆಳಗಿನ ಮನೆಯ ಟೈಲರಮ್ಮನಿಗೆ ಆ ಕೂಗು ಕೇಳಿಸಿತು. ಗಂಡನನ್ನು ಏನಕ್ಕೋ ಕರೆಯುತ್ತಿದ್ದಾಳೆ ಎಂದುಕೊಂಡು ಅವಳು ಕೈಲಿದ್ದ ಅಂಗಿಯ ತೋಳು ಹೊಲಿದು ಮುಗಿಸಿದಳು. ಕೂಗು ನಿಲ್ಲಲಿಲ್ಲ. ಆಗ ಮೇಲೆ ಓಡಿ ಬಂದು ಬಾಗಿಲು ಬಡಿದಳು, ಬೀದಿಯವರನ್ನು ಕರೆದಳು. ಕೊನೆಗೆ ಬಾಗಿಲು ಒಡೆದರು. ಬಾಗಿಲು ಬಿದ್ದು ನೆಲ ನಡುಗಿದಾಗ ಮಾವ ಕೊಡೆ ಹಿಡಿದುಕೊಂಡೇ ತಿರುಗಿ, "ಏನಾಯ್ತು, ಎಲ್ಲಾದ್ರೂ ಬೆಂಕಿ ಬಿತ್ತಾ?" ಎಂದು ಅವರನ್ನೇ ಕೇಳಿದನಂತೆ.

ಸ್ವಲ್ಪ ಮುಂಚೆ ತಂದಿದ್ದರೆ ಬದುಕುತ್ತಿದ್ದಳು ಎಂದರು ಆಸ್ಪತ್ರೆಯಲ್ಲಿ. ಆ ಮಾತು ಯಾಕೆ ಹೇಳುತ್ತಾರೋ, ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಮಣ್ಣು ಮಾಡಿ ಬಂದ ದಿನವೇ ಅತ್ತೆಯ ಅಣ್ಣ ಕಪಾಟು ಜಾಲಾಡಿ ಆ ಕಾಗದ ಹೊರಗೆ ತೆಗೆದ. ನೆಂಟರೆಲ್ಲರ ಎದುರು ಅದನ್ನು ಎತ್ತಿ ಹಿಡಿದು, "ಸರ್ಕಾರದೋರೇ ಬರ್ಕೊಟ್ಟಿದ್ದಾರೆ, ಇವನ ಕಿವಿ ಸರಿಯಾಗಿದೆ ಅಂತ. ಕೆಳಗಿನ ಮನೆಯೋರಿಗೆ ಕೇಳಿಸ್ತು, ಪಕ್ಕದಲ್ಲೇ ಕೂತಿದ್ದೋನಿಗೆ ಕೇಳಿಸಲಿಲ್ವಾ? ಕೇಳಿಸ್ಕೊಂಡೇ ಕೂತಿದ್ದ ಇವನು!" ಎಂದ.

"ಮಾತು ಹಿಡಿತದಲ್ಲಿರಲಿ," ಎಂದು ನಾನು ಎದ್ದು ನಿಂತೆ. "ಅವಳು ಸತ್ತಿದ್ದು ಇಸ್ತ್ರಿ ಮಾಡಿ ಮಾಡಿ. ಆಗ ಎಲ್ಲಿದ್ದೆ ನೀನು?" ಇನ್ನೂ ಬೇಕಾದಷ್ಟು ಅಂದೆ. ಆದರೆ ಆ ಮನುಷ್ಯನ ತುಟಿ ಚೆನ್ನಾಗಿ ಕಾಣುತ್ತಿತ್ತು. ಮಾವ ಪ್ರತಿ ಮಾತನ್ನೂ ಓದಿಕೊಂಡಿದ್ದ. ಆ ದಿನ ಮಾತ್ರ ಅವನು ಹೌದು ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಪೊಲೀಸಿನವನೂ ಬಂದು ಅದೇ ಕಾಗದ ತಿರುಗಿಸಿ ಮುರುಗಿಸಿ ನೋಡಿದ. ಕೇಸು ಆಗಲಿಲ್ಲ. ಬೀದಿಯ ಬಾಯಿ ಮಾತ್ರ ಮುಚ್ಚಲಿಲ್ಲ.

ಮರುಪರೀಕ್ಷೆಯ ದಿನ ಬಂದದ್ದು ಇದೆಲ್ಲ ಆದ ಮೇಲೆ. ಯಾರಿಗೆ ಬೇಕಾಗಿತ್ತು ಇನ್ನು ಆ ಪಿಂಚಣಿ? ಮಾವ ಬರುವುದಿಲ್ಲ ಎಂದುಕೊಂಡಿದ್ದೆ. ನಾನು ಹೋಗುವಷ್ಟರಲ್ಲಿ ಅವನು ಅಂಗಿ ಹಾಕಿಕೊಂಡು ಮೆಟ್ಟಿಲ ಮೇಲೆ ಕಾಯುತ್ತಿದ್ದ. "ಆ ಕಾಗದ ಸುಳ್ಳು ಅಂತ ಆಗಬೇಕು," ಎಂದ. ಅಷ್ಟೇ ಅಂದದ್ದು.

ಅದೇ ಗೂಡು, ಅದೇ ಹುಡುಗಿ. ಈ ಸಲ ನಾನು ಹಟ ಹಿಡಿದು ಕೋಣೆಯೊಳಗೇ ನಿಂತೆ. ಮಾವ ಗೂಡಿನೊಳಗೆ ಹೋದವನು ಕೂರುವ ಮೊದಲು ಕುರ್ಚಿಯನ್ನು ಗಾಜಿನ ಕಡೆಯಿಂದ ಗೋಡೆಯ ಕಡೆಗೆ ತಿರುಗಿಸಿಕೊಂಡ. ಕಣ್ಣು ಮುಚ್ಚಿದ. ನಾನು ಕಂಡಂತೆ, ನಿದ್ದೆಯಲ್ಲಿ ಬಿಟ್ಟರೆ ಆ ಮನುಷ್ಯ ಕಣ್ಣು ಮುಚ್ಚಿ ಕೂತದ್ದು ಅದೇ ಮೊದಲು. ಹುಡುಗಿ ಶಬ್ದ ಬಿಟ್ಟಳು. ಅವನ ಹೆಬ್ಬೆರಳು ಬಟನ್ನಿನ ಮೇಲೆ ಸುಮ್ಮನಿತ್ತು. ಏರಿಸಿದಳು. ಇನ್ನೂ ಏರಿಸಿದಳು. ಗೂಡಿನ ಆಚೆ ನಿಂತ ನನಗೇ ಆ ಕೀರಲು ಕೇಳಿಸತೊಡಗಿತು. ಹೆಬ್ಬೆರಳು ಅಲುಗಲಿಲ್ಲ. ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲೂ ಅವನು ಕೈ ಎತ್ತಲಿಲ್ಲ, ಕೈ ಎತ್ತಿದರೆ ಕೇಳಿಸಿತು ಎಂದು ಬರೆದುಕೊಂಡಾರು ಎಂಬ ಭಯ. ಹುಡುಗಿ ಯಂತ್ರ ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಇವರಿಗೆ ಏನೂ ಕೇಳಿಸ್ತಿಲ್ಲ," ಎಂದಳು, ನನಗೆ ಗೊತ್ತಿಲ್ಲವೇನೋ ಎಂಬಂತೆ.

ಹೊರಗಿನ ಬೆಂಚಿನಲ್ಲಿ ಮಾವ ನನ್ನ ಪಕ್ಕ ಕೂತ. ಆಮೇಲೆ ನನ್ನ ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡ, ಬೆಳಕು ನನ್ನ ಮುಖದ ಮೇಲೆ ಬೀಳುವ ಹಾಗೆ.

"ಟೈಲರಮ್ಮ ನಿಂಗೆ ಹೇಳಿರ್ತಾಳೆ. ನಿನ್ನತ್ತೆ ಎಷ್ಟು ಸಲ ಕೂಗಿದಳಂತೆ?"

"ಒಂದೇ ಸಲ ಮಾವ. ಆಮೇಲೆ ಸುಮ್ಮನಾದಳಂತೆ," ಎಂದೆ.

ಅವನು ನನ್ನ ತುಟಿಯನ್ನೇ ನೋಡಿದ. ಅಷ್ಟು ಬೇಗ ಅದು ಮುಚ್ಚಿಕೊಂಡಾಗಿತ್ತು. ಆಮೇಲೆ ಮಾವ "ಹೌದು ಹೌದು" ಎಂದು ತಲೆಯಾಡಿಸಿದ.