ಗಿಳಿ ನೋಡಾಯ್ತಾ?

ಅರಕಲಗೂಡಿನ ಹತ್ತಿರ ನಾಲ್ವರು ವಿದೇಶಿಯರಿಗೆ ಹಕ್ಕಿ ತೋರಿಸಲು ಕರೆದೊಯ್ದಿದ್ದೆ. ನಮ್ಮದು ಜವಾಬ್ದಾರಿಯ ಪ್ರವಾಸ. ಕಸ ಎಸೆಯಬಾರದು, ಸದ್ದು ಮಾಡಬಾರದು, ಊರಿನವರಿಗೆ ತೊಂದರೆ ಕೊಡಬಾರದು ಅಂತ ಒಂದು ಪಟ್ಟಿಯೇ ಇತ್ತು. ಒಂದು ಮುಸುಕಿನ ಜೋಳದ ಹೊಲಕ್ಕೆ ಗಿಳಿಗಳ ಹಿಂಡು ಇಳಿದಿತ್ತು. ಬದುವಿನ ಮೇಲೆ ಹೊಲದವನು ತಗಡಿನ ಡಬ್ಬ, ಕೋಲು ಹಿಡಿದು ನಿಂತಿದ್ದ. ನಾನು ತುಟಿಯ ಮೇಲೆ ಬೆರಳಿಟ್ಟೆ. ಅವನು ತಲೆಯಾಡಿಸಿ ಸುಮ್ಮನಾದ.

ಇವರು ಅರ್ಧ ಗಂಟೆ ದುರ್ಬೀನು ಇಳಿಸಲಿಲ್ಲ. ಅಷ್ಟರಲ್ಲಿ ನಾನು ಪಟ್ಟಿಗೆಲ್ಲ ಟಿಕ್ ಹಾಕಿ ಮುಗಿಸಿದೆ.

ಆಗ ಅವನು ಹತ್ತಿರ ಬಂದು ಮೆಲ್ಲಗೆ ಕೇಳಿದ: "ನೋಡಾಯ್ತಾ ಸಾ? ಇನ್ನು ಓಡಿಸ್ಲಾ? ನೆಂಟ್ರು ನೋಡ್ತಾವ್ರಲ್ಲ ಅಂತ ಸುಮ್ಕಿದ್ದೆ. ಆ ಕಡೆ ಸಾಲೆಲ್ಲ ತಿಂದ್ಬುಟ್ಟವೆ."

ಕೊನೇ ಟಿಕ್ಕನ್ನು ಅಳಿಸೋಣವೆಂದರೆ, ಹಾಕಿದ್ದು ಪೆನ್ನಿನಲ್ಲಿ.